ಸೇತುವೆ ಬೀದಿಯ ಜನಗಣತಿ

ಸಾವಿರದ ಒಂಬೈನೂರ ಐವತ್ತೊಂದರ ಜನಗಣತಿಗೆ ಊರನ್ನು ಹಂಚಿದಾಗ ಸೇತುವೆ ಬೀದಿಯ ನೂರಾ ಹನ್ನೆರಡು ಮನೆಗಳು ವಿಶಾಲಾಕ್ಷಮ್ಮನ ಪಾಲಿಗೆ ಬಂದವು. ಕುಶಾಲನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಆಕೆಗೆ ಇನ್ನೂ ಹಂಗಾಮಿ ಕೆಲಸ. ಕಾಯಂ ಆದ ಮಾಸ್ತರರೆಲ್ಲ ಬೇಡವೆಂದ ಬೀದಿ ತನಗೆ ಏಕೆ ಬಿತ್ತೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಬೀದಿಯ ಜನ ಹಗಲು ಹೊತ್ತು ಮನೆಯಲ್ಲಿ ಸಿಗುವವರಲ್ಲ. ಕಾವೇರಿಯ ಈಚೆ ದಡ ಕೊಡಗು ರಾಜ್ಯ, ಆಚೆ ದಡ ಮೈಸೂರು. ಬೀದಿಯ ಅರ್ಧ ಜನ ದುಡಿಯುತ್ತಿದ್ದುದು ಆಚೆ ದಡದ ಅಕ್ಕಿ ಗಿರಣಿಯಲ್ಲಿ. ಬೆಳಗ್ಗೆ ಗಿರಣಿ ಕೂಗುವ ಮೊದಲೇ ಸೇತುವೆ ದಾಟುತ್ತಿದ್ದರು. ಸಂಜೆ ಸೇತುವೆಯ ಚೌಕಿಯವರು ಬುಟ್ಟಿ, ಮಡಿಲು ತಡಕಿ, ಗಡಿ ದಾಟಿಸಬಾರದ ಅಕ್ಕಿ ಇಲ್ಲವೆಂದು ಖಾತರಿ ಮಾಡಿಕೊಂಡ ಮೇಲೆ ಮರಳಿ ಬರುತ್ತಿದ್ದರು. ಹಾಗಾಗಿ ವಿಶಾಲಾಕ್ಷಮ್ಮ ಫೆಬ್ರವರಿ ಒಂಬತ್ತರಿಂದ ದಿನವೂ ಮಂಜು ಹರಿಯುವ ಮುಂಚೆ ಚೀಟಿಯ ಕಟ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತಿದ್ದಳು. ಒಬ್ಬ ಮನುಷ್ಯನಿಗೆ ಒಂದು ಚೀಟಿ. ದುಡಿಯುವುದು ಮೈಸೂರಲ್ಲಿ, ಮಲಗುವುದು ಕೊಡಗಲ್ಲಿ, ನಮ್ಮನ್ನು ಯಾವ ಕಡೆ ಬರೆಯುತ್ತೀರಿ ಎಂದು ಎಲ್ಲರೂ ಕೇಳುವವರೇ. ಎಲ್ಲಿ ಉಂಡು ಮಲಗುತ್ತೀರೋ ಅಲ್ಲಿ, ಒಂದೇ ಕಡೆ, ಒಂದೇ ಸಲ ಎಂದು ಆಕೆ ತರಬೇತಿಯಲ್ಲಿ ಕಲಿತದ್ದನ್ನು ಮನೆಮನೆಯಲ್ಲೂ ಹೇಳಿದಳು. ನೀವು ಹೇಳಿದ್ದು ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ, ಅದು ಕಾಯಿದೆ ಎಂಬ ಮಾತನ್ನೂ ಸೇರಿಸುತ್ತಿದ್ದಳು. ಅದನ್ನು ಹೇಳುವಾಗ ಆಕೆಗೆ ಒಂದು ಬಗೆಯ ಹೆಮ್ಮೆ.

ಐದನೆಯ ದಿನ ವನಜಮ್ಮನ ಮನೆಗೆ ಹೋದಳು. ವನಜಮ್ಮ ವಿಧವೆ, ಗಿರಣಿಯ ಆಳುಗಳಿಗೆ ರೊಟ್ಟಿ ಚಟ್ನಿ ಮಾಡಿ ಮಾರುವವಳು. ಹಿಂದಿನ ಕೋಣೆಯಲ್ಲಿ ಇಪ್ಪತ್ತನಾಲ್ಕರ ಸುಮಾರಿನ ಹೆಂಗಸೊಬ್ಬಳು ಬಾಡಿಗೆಗಿದ್ದಳು. ಹೆಸರು ಸಣ್ಣಿ ಎಂದಳು. ಗಿರಣಿಯ ಅಂಗಳದಲ್ಲಿ ಬೇಯಿಸಿದ ಭತ್ತ ಹರಡುವ ಕೆಲಸ. ವಿಶಾಲಾಕ್ಷಮ್ಮ ಬರೆಯುತ್ತಾ ಹೋದಳು. ಓದು ಬರಹ ಬರುತ್ತದೆಯೇ ಎಂದು ಕೇಳುವಷ್ಟರಲ್ಲಿ ಆ ಹೆಂಗಸು ಎದುರಿನಿಂದಲೇ ಚೀಟಿಯನ್ನು ತಲೆಕೆಳಗಾಗಿ ಓದುತ್ತಿರುವುದು ಕಂಡಿತು.

"ಇದನ್ನ ಯಾರೂ ನೋಡಲ್ಲ ಅಂದ್ರಲ್ಲ, ಅದು ದಿಟವಾ?" ಎಂದು ಅವಳು ಕೇಳಿದಳು.

ದಿಟ ಎಂದಳು ವಿಶಾಲಾಕ್ಷಮ್ಮ.

"ಹಂಗಾದ್ರೆ ಹೊಡೆದು ಹಾಕಿ. ನನ್ನ ಹೆಸರು ವಿಮಲ. ಮದುವೆ ಆಗಿದೆ."

ರೊಟ್ಟಿ ತಟ್ಟುತ್ತಿದ್ದ ವನಜಮ್ಮ ಕೈ ನಿಲ್ಲಿಸಿ ನೋಡಿದಳು. ಉಳಿದದ್ದನ್ನು ವಿಮಲ ತಗ್ಗಿದ ದನಿಯಲ್ಲಿ ಹೇಳಿದಳು. ಗಂಡ ಮಾದಾಪುರದ ನಂಜಪ್ಪ, ಕಾಫಿ ತೋಟದವನು. ಮದುವೆಯಾಗಿ ಆರು ವರ್ಷಕ್ಕೂ ಮಕ್ಕಳಾಗಲಿಲ್ಲ. ಹೋದ ತಿಂಗಳ ಸಂಕ್ರಾಂತಿಗೆ ತವರಿಗೆ ಹೋಗಿಬರುತ್ತೇನೆ ಎಂದು ಎದುರು ಮಾತಾಡಿದ್ದಕ್ಕೆ ಕಾಫಿ ಗೋಡೌನಿನಲ್ಲಿ ಎರಡು ದಿನ ಕೂಡಿಹಾಕಿದ್ದ. ಮೂರನೆಯ ದಿನ ಬಾಗಿಲು ತೆಗೆದಾಗ ಉಟ್ಟ ಬಟ್ಟೆಯಲ್ಲಿ ಬಸ್ಸು ಹತ್ತಿ ಬಂದಿದ್ದಳು. ವಿಶಾಲಾಕ್ಷಮ್ಮ ಸಣ್ಣಿ ಎಂದಿದ್ದ ಚೀಟಿಯನ್ನು ರದ್ದು ಮಾಡಿ, ಹೊಸದರಲ್ಲಿ ವಿಮಲಮ್ಮ ಎಂದು ಬರೆದುಕೊಂಡಳು.

ಹತ್ತು ದಿನ ಕಳೆದ ಮೇಲೆ, ಒಂದು ಶನಿವಾರ, ಗಣತಿಯ ಮೇಲ್ವಿಚಾರಕ ಜವರಪ್ಪ ಅಂಚೆ ಕಚೇರಿಯ ಮುಂದೆ ಆಕೆಯನ್ನು ನಿಲ್ಲಿಸಿದರು. ಐವತ್ತು ದಾಟಿದ ಮನುಷ್ಯ, ಊರಿನಲ್ಲೂ ಶಾಲೆಯ ಸಮಿತಿಯಲ್ಲೂ ಅವರ ಮಾತು ನಡೆಯುತ್ತಿತ್ತು. ಕೆಲಸ ಹೇಗೆ ನಡೆದಿದೆ ಎಂದು ವಿಚಾರಿಸಿ, ಈ ವರ್ಷ ಹೊಸದಾಗಿ ಬಂದ ಹೆಂಗಸರು ಯಾರಾದರೂ ಆ ಬೀದಿಯಲ್ಲಿ ಇದ್ದಾರೆಯೇ ಎಂದು ಕೇಳಿದರು. ಗಿರಣಿ ಇರುವ ಕಡೆ ಹೊಸಬರು ಬರುತ್ತಲೇ ಇರುತ್ತಾರೆ ಎಂದಳು ವಿಶಾಲಾಕ್ಷಮ್ಮ.

ಜವರಪ್ಪ ಸುತ್ತಿ ಬಳಸಲಿಲ್ಲ. ಮಾದಾಪುರದ ನಂಜಪ್ಪ ತಮಗೆ ದೂರದ ನೆಂಟ. ಅವನ ಹೆಂಡತಿ ಕುಶಾಲನಗರದಲ್ಲಿ ಬಸ್ಸಿಳಿದದ್ದನ್ನು ನೋಡಿದವರಿದ್ದಾರೆ. ಮನೆಮನೆಗೆ ಹೋಗಿ ಕೇಳಿದರೆ ಮರ್ಯಾದೆ ಹೋಗುತ್ತದೆ. ಚೀಟಿ ನೋಡಿದರೆ ಸದ್ದಿಲ್ಲದೆ ಮುಗಿಯುತ್ತದೆ. ನಾಳೆ ಕಟ್ಟುಗಳನ್ನೆಲ್ಲ ತಮ್ಮ ಮನೆಗೆ ತರಬೇಕು, ಹೇಗೂ ತಪಾಸಣೆ ಮಾಡಬೇಕಲ್ಲ ಎಂದರು. ಹೊರಡುವಾಗ, ಜೂನ್‌ನಲ್ಲಿ ಆಕೆಯ ಕೆಲಸ ಕಾಯಂ ಆಗುವ ವಿಚಾರ ಶಾಲೆಯ ಸಮಿತಿಯ ಮುಂದೆ ಬರುತ್ತದೆ ಎಂಬುದನ್ನೂ ಹಾಗೇ ಸುಮ್ಮನೆ ಎಂಬಂತೆ ನೆನಪಿಸಿದರು.

ತಪಾಸಣೆ ಶಾಲೆಯಲ್ಲೇ ಆಗಲಿ, ಕಟ್ಟುಗಳನ್ನು ಮನೆಗಳಿಗೆ ಒಯ್ಯಬಾರದೆಂದು ಹೇಳಿದ್ದಾರೆ ಎಂದು ವಿಶಾಲಾಕ್ಷಮ್ಮ ಹೇಗೋ ಅಂದಳು. ಆಗಲಿ, ಹತ್ತು ಗಂಟೆಗೆ ಎಂದರು ಜವರಪ್ಪ.

ಆಕೆ ನೇರವಾಗಿ ವನಜಮ್ಮನ ಮನೆಗೆ ನಡೆದಳು. ವಿಮಲ ಆಗತಾನೇ ಸೇತುವೆ ದಾಟಿ ಬಂದು ಕಾಲು ತೊಳೆಯುತ್ತಿದ್ದಳು. ವಿಷಯ ಕೇಳಿ ಅವಳು ಅಳಲಿಲ್ಲ, ಚೊಂಬನ್ನು ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. ಮಾತಾಡಿದ್ದು ವನಜಮ್ಮ.

"ಸಣ್ಣಿ ಅಂತಾನೇ ಇದ್ಲು, ಚೆನ್ನಾಗಿದ್ಲು. ಕಾಯಿದೆ ಕಾಯಿದೆ ಅಂತ ಹೇಳಿ ಬಾಯಿ ಬಿಡಿಸಿದ್ದು ನೀವು. ಈಗ ನೀವೇ ಅದನ್ನ ಸಣ್ಣಿ ಅಂತ ತಿದ್ದಿ ಟೀಚರಮ್ಮ."

ಚೀಟಿ ಚೀಲದಲ್ಲೇ ಇತ್ತು, ಪೆನ್ನೂ ಇತ್ತು. ಎರಡಕ್ಷರದ ಕೆಲಸ. ಆದರೆ ಗೊತ್ತಿದ್ದೂ ಸುಳ್ಳು ಬರೆಯುವುದಿಲ್ಲವೆಂದು ಆಣೆ ಮಾಡಿದ್ದಳು, ಮೇಲಾಗಿ ಸಂಖ್ಯೆ ಹಾಕಿದ ಚೀಟಿಯಲ್ಲಿ ತಿದ್ದಿದ ಗುರುತು ಜವರಪ್ಪನವರ ಕಣ್ಣಿಗೆ ಮೊದಲು ಬೀಳುತ್ತದೆ. ಬೇಕಾದರೆ ಈಗಲೇ ಹೊರಟುಬಿಡು, ಪಿರಿಯಾಪಟ್ಟಣದಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ ಎಂದು ವಿಮಲಳಿಗೆ ಹೇಳಿದಳು.

"ಎಷ್ಟು ಊರು ಬಿಟ್ಟು ಓಡ್ಲಿ ಅಕ್ಕ?" ಎಂದಳು ವಿಮಲ. "ಇಲ್ಲೇ ಇರ್ತೀನಿ. ಬಂದ್ರೆ ಬರ್ಲಿ."

ಅಂದು ವಿಶಾಲಾಕ್ಷಮ್ಮನಿಗೆ ಊಟ ಸೇರಲಿಲ್ಲ. ಏನಾಯಿತು ಎಂದು ತಾಯಿ ಎರಡು ಸಲ ಕೇಳಿದರು, ಏನಿಲ್ಲ ಎಂದಳು. ಮೇಲ್ವಿಚಾರಕರಿಗೆ ಚೀಟಿ ನೋಡುವ ಅಧಿಕಾರ ಇದೆ, ತಾನು ತಡೆಯುವ ಹಾಗಿಲ್ಲ. ಆದರೆ ಮರ್ಯಾದೆಗೆ ಅಷ್ಟು ಅಂಜುವ ನಂಜಪ್ಪ, ತನ್ನ ಮನೆಗೆ ಗಣತಿಯವರು ಬಂದಾಗ ಹೆಂಡತಿಯ ವಿಷಯ ಏನು ಹೇಳಿರಬಹುದು? ಆ ಪ್ರಶ್ನೆ ತಲೆಗೆ ಬಂದ ಮೇಲೆ ಬೇರೆ ಏನೂ ಉಳಿಯಲಿಲ್ಲ. ಅದು ಬರೀ ಊಹೆ. ಅವನು ನಿಜ ಹೇಳಿದ್ದರೆ ತನ್ನ ಕೈಯಲ್ಲಿ ಏನೂ ಇಲ್ಲ.

ಭಾನುವಾರ ಹತ್ತಕ್ಕೆ ಶಾಲೆಯ ಮುಂದೆ ಬಾಡಿಗೆ ಕಾರೊಂದು ನಿಂತಿತು. ಜವರಪ್ಪನವರ ಹಿಂದೆ ಬಿಳಿ ಪಂಚೆ, ಕಪ್ಪು ಕೋಟಿನ ನಂಜಪ್ಪ ಇಳಿದ. ಗದ್ದಲ ಮಾಡುವ ಮನುಷ್ಯನಂತೆ ಕಾಣಲಿಲ್ಲ. ಕೈಮುಗಿದು ಬಂದು ಮಕ್ಕಳ ಬೆಂಚಿನ ಮೇಲೆ ಕೂತ. ಕೂತಲ್ಲಿಂದ ಮೇಜು ಸರಿಯಾಗಿ ಕಾಣುತ್ತಿತ್ತು.

ವಿಶಾಲಾಕ್ಷಮ್ಮ ಕಟ್ಟುಗಳನ್ನು ಮೇಜಿನ ಮೇಲಿಟ್ಟಳು. "ನೀವು ನೋಡಬಹುದು ಸಾರ್. ಅವರು ನೋಡೋ ಹಾಗಿಲ್ಲ. ಹೊರಗಡೆ ಕೂರೋಕೆ ಹೇಳಿ."

ಜವರಪ್ಪ ಕಿವಿಗೆ ಹಾಕಿಕೊಳ್ಳದೆ ಕನ್ನಡಕ ಏರಿಸಿದರು. ಒಂದೊಂದೇ ಚೀಟಿ ತಿರುವತೊಡಗಿದರು. ಮೊದಲ ಕಟ್ಟು ಮುಗಿಯಿತು. ಎರಡನೆಯದು ಮುಗಿಯಿತು. ವನಜಮ್ಮನ ಮನೆ ಮೂರನೆಯದರ ನಡುವಿನಲ್ಲಿತ್ತು, ಅದು ಎಲ್ಲಿ ಬರುತ್ತದೆಂದು ಆಕೆಗೆ ಬಾಯಿಪಾಠವಾಗಿತ್ತು. ಜವರಪ್ಪನವರ ಬೆರಳು ಒಂದು ಚೀಟಿಯ ಮೇಲೆ ನಿಂತಿತು. ಮುಂದೆ ಹೋಗಲಿಲ್ಲ.

ನಂಜಪ್ಪ ಬೆಂಚಿನಿಂದ ಅರ್ಧ ಎದ್ದ.

"ನಂಜಪ್ಪೋರೆ," ಎಂದಳು ವಿಶಾಲಾಕ್ಷಮ್ಮ. "ನಿಮ್ಮನೆಗೆ ಗಣತಿಯವರು ಬಂದಿದ್ರಾ?"

ಅವನು ಜವರಪ್ಪನವರ ಮುಖ ನೋಡಿ, ಬಂದಿದ್ದರು ಎಂದ.

"ಎಷ್ಟು ಜನ ಅಂತ ಬರೆಸಿದ್ರಿ?"

"ಐದು." ಉತ್ತರ ತಾನಾಗಿ ಬಂತು. ಅವ್ವ, ತಮ್ಮ, ತಮ್ಮನ ಹೆಂಡತಿ, ತಾನು ಎಂದು ಎಣಿಸುತ್ತಾ ಹೋಗಿ ಅಲ್ಲಿಗೆ ನಿಲ್ಲಿಸಿದ.

"ಐದನೆಯವರು ಯಾರು?"

ಅವನು ಕಿಟಕಿಯ ಕಡೆ ತಿರುಗಿದ. ಹೊರಗೆ ಕಾರಿನ ಡ್ರೈವರು ಯಾರ ಹತ್ತಿರವೋ ಬೆಂಕಿಪೊಟ್ಟಣ ಕೇಳುತ್ತಿದ್ದುದು ಒಳಗೆ ಕೇಳಿಸಿತು.

"ನಿಮ್ಮ ಮನೆಯವರು ಮಾದಾಪುರದಲ್ಲೇ ಇದಾರೆ ಅಂತ ಸರ್ಕಾರಕ್ಕೆ ಬರೆಸಿರೋದು ನೀವೇ. ಹಂಗಿದ್ಮೇಲೆ ಇಲ್ಲಿ ಯಾರನ್ನ ಹುಡುಕ್ತಾ ಇದೀರಿ?"

"ನನ್ನ ಮನೆ ವಿಷಯ ಕೇಳೋಕೆ ನೀನ್ಯಾರು?" ನಂಜಪ್ಪ ಎದ್ದು ಮೇಜಿನ ಹತ್ತಿರ ಬಂದ. ಕೋಟಿನ ತೋಳು ಚೀಟಿಗಳಿಗೆ ತಾಗುವಷ್ಟು ಹತ್ತಿರ. "ಜವರಪ್ಪ ಮಾವ, ಅದನ್ನ ಇತ್ತ ಕೊಡಿ."

ಆಕೆ ಅವನನ್ನು ಬಿಟ್ಟು ಜವರಪ್ಪನವರನ್ನೇ ನೋಡಿ ಹೇಳಿದಳು. ಒಬ್ಬ ಮನುಷ್ಯನಿಗೆ ಒಂದೇ ಚೀಟಿ. ಇಲ್ಲಿ ಆ ಹೆಸರು ಸಿಕ್ಕಿದರೆ ಮಾದಾಪುರದ್ದು ಸುಳ್ಳಾಗುತ್ತದೆ. ಗಣತಿಗೆ ಸುಳ್ಳು ಬರೆಸಿದರೆ ದಂಡ ಇದೆ, ಚೀಟಿ ತೋರಿಸಿದವರಿಗೂ ಇದೆ. ತಾನು ತಾಲೂಕಿಗೆ ವರದಿ ಬರೆಯಬೇಕಾಗುತ್ತದೆ. ಅದರಲ್ಲಿ ಇವತ್ತು ಈ ಕೋಣೆಯಲ್ಲಿ ಯಾರು ಯಾರು ಇದ್ದರು ಎಂಬುದನ್ನೂ ಬರೆಯಬೇಕಾಗುತ್ತದೆ.

ಜವರಪ್ಪನವರ ಬೆರಳು ಚೀಟಿಯ ಮೇಲೇ ಇತ್ತು. ನಂಜಪ್ಪ ಕೈ ಚಾಚಿದ. ಜವರಪ್ಪ ಆ ಚೀಟಿಯನ್ನು ಮಗುಚಿ ಹಾಕಿ ಮುಂದಿನದನ್ನು ನೋಡಿದರು, ಅದರ ಮುಂದಿನದನ್ನೂ ನೋಡಿದರು, ಆಮೇಲೆ ಕಟ್ಟನ್ನು ಮುಚ್ಚಿದರು.

"ಇದ್ರಲ್ಲಿ ನಿನಗೆ ಹೇಳೋ ಅಂಥದ್ದು ಏನೂ ಇಲ್ಲ ನಂಜಪ್ಪ," ಎಂದರು. "ಹುಡುಕಲೇಬೇಕು ಅಂದ್ರೆ ಮೊದಲು ನಿಮ್ಮೂರಲ್ಲಿ ಗಣತಿ ಬರೆದ ಮೇಷ್ಟ್ರ ಹತ್ರ ಹೋಗು. ಹೆಂಡ್ತಿ ಮನೆ ಬಿಟ್ಟು ಹೋಗಿದಾಳೆ ಅಂತ ಹೇಳಿ ಆ ಚೀಟಿ ಹೊಡೆಸ್ಕೊಂಡು ಬಾ. ಆಮೇಲೆ ಮಾತಾಡೋಣ."

ನಂಜಪ್ಪನ ಮುಖ ಕಪ್ಪಿಟ್ಟಿತು. ಊರ ಮೇಷ್ಟರ ಮುಂದೆ ಆ ಮಾತಾಡುವುದೆಂದರೆ ಇಡೀ ಊರಿಗೆ ಸಾರಿದ ಹಾಗೆ. ಅವನು ವಿಶಾಲಾಕ್ಷಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಈ ಕೆಲಸದ ಮೇಲೆ ನಿನಗೆ ಆಸೆ ಇದ್ದಂತಿಲ್ಲ ಎಂದು ಹೇಳಿ ಹೊರಗೆ ಹೋದ. ಕಾರು ಮಡಿಕೇರಿ ರಸ್ತೆಯ ಕಡೆ ತಿರುಗಿದ್ದನ್ನು ಕಿಟಕಿಯಲ್ಲಿ ಕಂಡ ಮೇಲಷ್ಟೇ ಆಕೆ ಕುರ್ಚಿಯಲ್ಲಿ ಕೂತಳು.

ಜವರಪ್ಪ ಉಳಿದ ಕಟ್ಟುಗಳನ್ನೂ ನೋಡಿ ಒಂದೊಂದಕ್ಕೂ ರುಜು ಹಾಕಿದರು. ಮೂರನೆಯ ಕಟ್ಟಿಗೆ ಬಂದಾಗ, ಆ ಹುಡುಗಿ ಇಲ್ಲಿ ಊಟ ತಿಂಡಿಗೆ ಏನು ಮಾಡುತ್ತಾಳೆ ಎಂದು ಕೇಳಿದರು. ಆಕೆ ಹೇಳಿದಳು. ಅವರು ಹೂಂಗುಟ್ಟಿದರು. ಅದನ್ನು ನೋಡಿಲ್ಲವೆಂದು ಸುಳ್ಳು ಹೇಳಲಾರೆ, ನೋಡಿದ್ದೇನೆ, ಆದರೆ ನನ್ನ ಬಾಯಿಂದ ಹೋಗುವುದಿಲ್ಲ ಎಂದರು. ನಿನ್ನೆ ಅಂಚೆ ಕಚೇರಿಯ ಮುಂದೆ ಆಡಿದ ಮಾತಿನ ಬಗ್ಗೆ ಏನೂ ಹೇಳಲಿಲ್ಲ.

ಮಾರ್ಚ್ ಎರಡರಂದು ಕೊನೆಯ ಸುತ್ತು. ಹುಟ್ಟಿದವರು, ಸತ್ತವರು, ಹೊಸದಾಗಿ ಬಂದವರು ಇದ್ದಾರೆಯೇ ಎಂದು ಪ್ರತಿ ಮನೆಯ ಬಾಗಿಲಲ್ಲೂ ಕೇಳಬೇಕು. ವನಜಮ್ಮನ ಜಗಲಿಯ ಮೇಲೆ ಗಿರಣಿಗೆ ಹೊರಟ ಏಳೆಂಟು ಹೆಂಗಸರು ರೊಟ್ಟಿಗಾಗಿ ಕಾಯುತ್ತಿದ್ದರು. ವಿಶಾಲಾಕ್ಷಮ್ಮ ತಗ್ಗಿದ ದನಿಯಲ್ಲಿ, ಈ ಮನೆಯಲ್ಲಿ ಎಷ್ಟು ಜನ ಎಂದಳು. ಎರಡು ಎಂದು ವನಜಮ್ಮ ಅಂದಳು.

"ವನಜಮ್ಮ, ವಿಮಲಮ್ಮ," ಎಂದು ಒಳಗಿನಿಂದ ವಿಮಲ ಸ್ಪಷ್ಟವಾಗಿ ಹೇಳಿದಳು. ಅವಳನ್ನು ಸಣ್ಣಿಯೆಂದೇ ಬಲ್ಲ ಜಗಲಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ವಿಮಲ ಬುತ್ತಿ ಹಿಡಿದು ಹೊರಗೆ ಬಂದು ಅವರ ಜೊತೆಯಲ್ಲೇ ನಡೆದು ಸೇತುವೆ ದಾಟಿದಳು.

ನಂಜಪ್ಪ ತನ್ನೂರಿನ ಚೀಟಿಯನ್ನು ಹೊಡೆಸಲಿಲ್ಲವೆಂದು ಏಪ್ರಿಲ್‌ನಲ್ಲಿ ಜವರಪ್ಪನವರಿಂದಲೇ ತಿಳಿಯಿತು. ವಿಶಾಲಾಕ್ಷಮ್ಮ ಹೆಸರು ಹಾಕದೆ, ಒಬ್ಬರ ಎಣಿಕೆ ಎರಡು ಕಡೆ ಆಗಿದೆ ಎಂದು ತಾಲೂಕಿಗೆ ಎರಡು ಸಾಲು ಬರೆದು ಕಳಿಸಿದಳು. ಜವಾಬು ಬರಲಿಲ್ಲ. ಆ ವರ್ಷದ ಕೊಡಗು ರಾಜ್ಯದ ಲೆಕ್ಕದಲ್ಲಿ ವಿಮಲ ಎರಡು ಸಲ ಸೇರಿಹೋದಳು.

ಜೂನ್‌ನಲ್ಲಿ ಸಮಿತಿ ಆಕೆಯ ಕೆಲಸವನ್ನು ಕಾಯಂ ಮಾಡಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಮರುವರ್ಷ ಆಯಿತು. ಜವರಪ್ಪನವರೇ ಮುಂದೆ ನಿಂತು ಮಾಡಿಸಿದರೆಂದು ಕೆಲವರು ಹೇಳುತ್ತಾರೆ, ವಿಶಾಲಾಕ್ಷಮ್ಮ ಅದನ್ನು ಕೇಳಿ ತಿಳಿದುಕೊಳ್ಳಲು ಹೋಗಲಿಲ್ಲ. ಕೆಲಸ ಕಾಯಂ ಆಗದ ಆ ಜೂನ್ ತಿಂಗಳಲ್ಲಿ ಒಂದು ಸಂಜೆ, ಗಿರಣಿ ಬಿಟ್ಟ ಮೇಲೆ, ವಿಮಲ ಆಕೆಯ ಮನೆಗೆ ಬಂದಳು. ಅಡಿಗೆಮನೆಗೆ ಹೋಗಿ, ವಿಶಾಲಾಕ್ಷಮ್ಮನ ತಾಯಿಯ ಕೈಯಿಂದ ಮೊರ ತೆಗೆದುಕೊಂಡು, ಕತ್ತಲಾಗುವ ತನಕ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಳು.