ಹೆರದವಳ ಹಾಲು

ಮತ್ತೆ ಒದ್ದೆ, ಅಂಗಿಯ ಎಡಗಡೆ, ಒಳಗೆ ಮಡಿಸಿಟ್ಟ ಬಟ್ಟೆಯನ್ನೂ ದಾಟಿ ಬಂದಿದೆ, ಶಾಲು ಎಳೆದುಕೊಳ್ಳುತ್ತೇನೆ, ಡಾಕ್ಟರಮ್ಮ ರಕ್ತಪರೀಕ್ಷೆಯ ಕಾಗದ ನೋಡುತ್ತಿದ್ದಾರೆ, ಪಕ್ಕದ ಕುರ್ಚಿಯಲ್ಲಿ ನನ್ನ ಗಂಡ, ಕಾಲು ಅಲ್ಲಾಡಿಸುತ್ತ — ಮೊದಲ ಸಲ ಹೀಗಾದಾಗ ಅಂಗಡಿಯಲ್ಲಿ ಹೊಲಿಗೆ ಮೆಷಿನ್ ಮುಂದಿದ್ದೆ, ಮುಟ್ಟು ನಿಂತು ಮೂರು ತಿಂಗಳು, ಎದೆಯಲ್ಲಿ ಹಾಲು, ಮದುವೆಯಾಗಿ ಹನ್ನೊಂದು ವರ್ಷ, ಇನ್ನೇನು ಬೇಕು, ಹಿಗ್ಗಿ ಹೀರೇಕಾಯಿಯಾಗಿ ಉಳಿದ ಚೂರುಬಟ್ಟೆಯಲ್ಲಿ ಅಂಗೈಯಗಲದ ಅಂಗಿ ಹೊಲಿದೇಬಿಟ್ಟೆ, ಪರೀಕ್ಷೆ ಮಾಡಿಸಿದರೆ ಬಸಿರೇ ಇಲ್ಲ, ಆಗ ಇವರು, ಬಸಿರಿಲ್ಲದೆ ಹಾಲು ಎಲ್ಲಿಂದ ಬರುತ್ತೆ, ಎಲ್ಲಾದ್ರೂ ಹೋಗಿ ತೆಗೆಸ್ಕೊಂಡು ಬಂದ್ಯಾ, ಯಾರದು ಹೇಳು — ಪ್ರೊಲ್ಯಾಕ್ಟಿನ್ ತುಂಬಾ ಜಾಸ್ತಿ ಇದೆಯಮ್ಮ, ಡಾಕ್ಟರಮ್ಮ ಹೇಳುತ್ತಿದ್ದಾರೆ, ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ಗ್ರಂಥಿ, ಹಾಲು ಬರಿಸೋ ಹಾರ್ಮೋನ್ ಅದರದು, ಹೆತ್ತವರಲ್ಲಿ ಏರಬೇಕಾದ್ದು ನಿಮ್ಮಲ್ಲಿ ಏರಿದೆ, ಅದು ಏರಿದ್ರೆ ಮುಟ್ಟು ನಿಲ್ಲುತ್ತೆ, ಮಕ್ಕಳಾಗೋದೂ ಕಷ್ಟ, ಸ್ಕ್ಯಾನಲ್ಲಿ ಗಡ್ಡೆ ಇಲ್ಲ, ಥೈರಾಯ್ಡೂ ಸರಿಯಿದೆ, ಏನು ಮಾತ್ರೆ ತಗೋತಿದ್ದೀರಿ, ಏನೂ ಇಲ್ಲ ಡಾಕ್ಟರೇ, ತಲೆನೋವಿಗೂ ನುಂಗೋಳಲ್ಲ ನಾನು, ನೆನಪು ಮಾಡ್ಕೊಳ್ಳಿ, ಮನಸ್ಸಿನ ಕಾಯಿಲೆಗೆ ಕೊಡೋ ಕೆಲವು ಔಷಧಿಯಿಂದ ಹೀಗಾಗುತ್ತೆ — ಪಕ್ಕದ ಕಾಲು ನಿಂತಿತು.

ಏನ್ರೀ, ಅಂದೆ, ನೆಲ ನೋಡಿದರು, ನಿಮ್ಮಮ್ಮ ಹೋದ್ಮೇಲೆ ನೀನು ಅಳೋದು, ಕೂಗಾಡೋದು, ನನಗೂ ಸಾಕಾಗಿತ್ತು, ನನ್ನ ತಂಗಿ ತನ್ನ ಔಷಧಿ ಅಂಗಡಿಯಿಂದ ಒಂದು ಸೀಸೆ ತಂದುಕೊಟ್ಳು, ರುಚಿ ಇಲ್ಲ ವಾಸನೆ ಇಲ್ಲ ಅಂದ್ಳು, ಬೆಳಗಿನ ಕಾಫೀಲಿ, ಐದೇ ಹನಿ ಕಣೇ, ಮನೇಲಿ ಶಾಂತಿ ಇರಲಿ ಅಂತ — ಕಾಫಿ, ಎಂದೂ ಒಲೆ ಹಚ್ಚದಿದ್ದ ಗಂಡ ಈಗ ಹಾಸಿಗೆಗೇ ಕಾಫಿ ತಂದುಕೊಡುತ್ತಾನೆಂದು ಹೊಲಿಗೆ ಅಂಗಡಿಯಲ್ಲೆಲ್ಲ ಹೇಳಿಕೊಂಡು ಮೆರೆದಿದ್ದೆ, ಅಳು ತಾನಾಗಿ ಇಂಗಿತೆಂದುಕೊಂಡಿದ್ದೆ, ಅಮ್ಮನಿಗಾಗಿ ಅಳುವುದನ್ನೂ ಕದ್ದರಲ್ಲ, ಮಗುವಿನ ದಾರಿಗೆ ತಾವೇ ಕಲ್ಲಿಟ್ಟು ಯಾರದು ಅಂತ ನನ್ನನ್ನೇ ಕೇಳಿದರಲ್ಲ, ಆ ಹನಿ ನಿಂತ್ರೆ ನಿಧಾನಕ್ಕೆ ಹಾಲು ಬತ್ತುತ್ತಮ್ಮ, ಡಾಕ್ಟರಮ್ಮನ ಕೈ ನನ್ನ ಕೈ ಮೇಲೆ, ನಡಿ ಮನೇಲಿ ಮಾತಾಡೋಣ, ಇವರು, ನೀವು ಹೋಗಿ, ನಾನು ಅಣ್ಣನ ಮನೆಗೆ ಹೋಗ್ತೀನಿ, ನನ್ನ ದನಿಯೇ, ಇಷ್ಟು ಮೆಲ್ಲಗೆ — ಬಸ್ಸು ಹೊರಟಿದೆ, ಕಿಟಕಿಯಾಚೆ ಏನೇನೋ ಹಾದುಹೋಗುತ್ತಿದೆ, ಕಾಣುವುದು ಒಂದೇ, ಅಡುಗೆಮನೆಯಲ್ಲಿ ಇವರ ಬೆನ್ನು, ಸೀಸೆಯನ್ನು ಬೆಳಕಿಗೆ ಹಿಡಿದು, ಒಂದು ಹನಿಯೂ ಹೆಚ್ಚಾಗಬಾರದೆಂದು ಉಸಿರು ಕಟ್ಟಿ, ಎಷ್ಟು ಜೋಪಾನವಾಗಿ, ಒಂದು, ಎರಡು, ಮೂರು, ನಾಲ್ಕು, ಐದು — ಮತ್ತೆ ಬೆನ್ನು, ಮತ್ತೆ ಸೀಸೆ, ಒಂದು, ಎರಡು,