ಐದನೇ ನಂಬರಿನ ಕೋಲು

"ಡ್ರೈವರ್ ತಗೀಲೇನು?" ಎಂದು ಗೆಳೆಯ ದುಂಡಪ್ಪ ಕೇಳುವಾಗಲೇ ಅವನ ಕೈ ಚೀಲದೊಳಗಿನ, ಚೆಂಡನ್ನು ಎಲ್ಲಕ್ಕಿಂತ ದೂರ ಹೊಡೆಯುವ ಆ ಉದ್ದನೆಯ ಕೋಲಿನ ಮೇಲಿತ್ತು.

ಯೂಸುಫ ಮುಂದೆ ನೋಡಿದ. ಕೊನೆಯ ಕುಳಿಯತ್ತ ಹುಲ್ಲಿನ ಹಾದಿ ಇಳಿದುಹೋಗಿತ್ತು. ನಡುವೆ ಹಳ್ಳ, ಅದರಾಚೆ ದಿಬ್ಬದ ಮೇಲೆ ಬಾವುಟ. ಬೆಳಗಾವಿಯ ಈ ಗಾಲ್ಫ್ ಮೈದಾನದಲ್ಲಿ ಅವನು ಹದಿನಾಲ್ಕು ವರ್ಷ, ಭಾನುವಾರ ಬಂತೆಂದರೆ ಸಾಹೇಬರ ಕೋಲುಗಳ ಚೀಲ ಹೊತ್ತಿದ್ದ. ಉಳಿದ ಆರು ದಿನ ಮಚ್ಛೆಯ ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ಭಟ್ಟಿಯ ಕೆಲಸ. ಚೀಲ ಹೊರುವವರಿಗೆಂದೇ ವರ್ಷಕ್ಕೊಮ್ಮೆ ಪಂದ್ಯವಿರುತ್ತಿತ್ತು. ಎಪ್ಪತ್ತೆಂಟನೇ ಇಸವಿಯ ಈ ಪಂದ್ಯ ಗೆದ್ದವನಿಗೆ, ಹೊಸಬರಿಗೆ ಆಟ ಕಲಿಸುವ ಕಾಯಂ ಕೆಲಸ ಕೊಡುವುದಾಗಿ ಕ್ಲಬ್ಬಿನ ಕಾರ್ಯದರ್ಶಿ ಹೇಳಿದ್ದರು.

ಹೋದ ವರ್ಷವೂ ಇಲ್ಲಿಯವರೆಗೆ ಯೂಸುಫನೇ ಮುಂದಿದ್ದ. ಜನ ನೋಡುತ್ತಿದ್ದಾರೆಂದು ಡ್ರೈವರ್ ಬೀಸಿ, ಚೆಂಡನ್ನು ಹಳ್ಳಕ್ಕೆ ಹಾಕಿ ಸೋತಿದ್ದ.

ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆಲ್ಲುವ ಆಟದಲ್ಲಿ ಈಗ ಅವನು ಎರಡು ಹೊಡೆತ ಮುಂದಿದ್ದ. ಆದರೆ ಎದುರಾಳಿ ಗುರುಸಿದ್ದ ಆಗಷ್ಟೇ ಬೀಸಿದ ಚೆಂಡು ಹಳ್ಳ ದಾಟಿ ಹುಲ್ಲಿನ ನಟ್ಟನಡುವೆ ಬಿದ್ದಿತ್ತು. ಮರದ ನೆರಳಲ್ಲಿ ನಿಂತವರ ಚಪ್ಪಾಳೆ ಇನ್ನೂ ಕೇಳುತ್ತಿತ್ತು.

"ಐದ ನಂಬರ್ ಕೊಡು."

ದುಂಡಪ್ಪ ದನಿ ತಗ್ಗಿಸಿದ. "ಅದರಾಗ ಹಳ್ಳ ದಾಟೂದಿಲ್ಲೋ ಮಾರಾಯಾ. ಅಂಜಿದಾ ಅಂತಾರ."

"ಅನ್ಲಿ. ಅಂವಾ ನಾಕ ಹೊಡೆತಕ್ಕ ಮುಗಿಸಿದ್ರೂ ನನಗ ಐದು ಸಾಕು. ಚೆಂಡು ಹಳ್ಳದ ಈಚಿಗೇ ನಿಲ್ಲಬೇಕು."

"ಖರೇನ?"

"ಕೊಡ, ದುಂಡಪ್ಪ."

ಗಿಡ್ಡ ಕಬ್ಬಿಣದ ಕೋಲು ಹೊರಬರುತ್ತಲೇ ಹಿಂದೆ ಯಾರೋ ನಕ್ಕರು. ಯೂಸುಫನ ಕಿವಿ ಬಿಸಿಯಾಯಿತು. ಒಂದು ಗಳಿಗೆ ಕಣ್ಣು ಉದ್ದನೆಯ ಕೋಲಿನತ್ತ ಹೋಯಿತು. ಹಲ್ಲು ಕಚ್ಚಿ ಕಾಲೂರಿ ನಿಂತು ಬೀಸಿದ. ಚೆಂಡು ಹಳ್ಳಕ್ಕಿಂತ ಮೂವತ್ತು ಗಜ ಈಚೆಗೇ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಎರಡನೆಯ ಹೊಡೆತಕ್ಕೆ ಹಳ್ಳ ದಾಟಿದ. ಮೂರನೆಯದಕ್ಕೆ ಬಾವುಟದ ಸುತ್ತಲ ನುಣುಪು ಹುಲ್ಲು ಸೇರಿದ. ಗುರುಸಿದ್ದ ನಾಲ್ಕಕ್ಕೇ ಮುಗಿಸಿ ಬದಿಗೆ ನಿಂತ. ಯೂಸುಫನ ನಾಲ್ಕನೆಯದು ಕುಳಿಯಿಂದ ಮೂರು ಗೇಣು ಆಚೆ ಉಳಿಯಿತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೆಲ್ಲಗೆ ತಳ್ಳಿದ. ಚೆಂಡು ಅಂಚಿಗೆ ತಾಗಿ, ತಡೆದು, ಒಳಗೆ ಬಿತ್ತು. ಒಂದೇ ಹೊಡೆತದಿಂದ ಯೂಸುಫ ಗೆದ್ದಿದ್ದ.

"ಭಾಳ ಗಟ್ಟಿ ಅದೀಪಾ," ಎಂದು ಗುರುಸಿದ್ದ ಕೈ ಹಿಡಿದ. "ಅಷ್ಟು ಜನರ ಮುಂದ ನನ್ನ ಕೈಲೆ ಆಗ್ತಿರಲಿಲ್ಲ."

ಸಂಜೆ ಖಾನಾಪುರದ ಮನೆ ಮುಟ್ಟಿದಾಗ ಹೆಂಡತಿ ಅಮೀನಾಬೀ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ಇನ್ನ ಭಟ್ಟಿಗಿ ಹೋಗೂದಿಲ್ಲ," ಎಂದ.

ಅವಳು ಅವನ ಮುಖ ನೋಡಿದಳು. ಹಗ್ಗದ ಮೇಲೆ ಉಳಿದಿದ್ದ, ಭಟ್ಟಿಯ ಕಿಡಿ ಹಾರಿ ತೂತುಬಿದ್ದ ಅವನ ಖಾಕಿ ಅಂಗಿಯನ್ನು ತೆಗೆದುಕೊಂಡು ತೋಳುಗಳನ್ನು ಒಳಕ್ಕೆ ಸೇರಿಸಿದಳು. ಹೊಸ ಬಟ್ಟೆಯನ್ನು ಮಡಚುವಷ್ಟೇ ಜತನದಿಂದ ಮಡಚತೊಡಗಿದಳು.