ಶಶಿರೇಖಳ ಸ್ಟೇಷನ್

ಮಾರಿಕುಪ್ಪಂನಿಂದ ಬೆಳಗಿನ ಜಾವ ಬೆಂಗಳೂರಿಗೆ ಹೊರಡುವ ರೈಲಿನ ಹೆಂಗಸರ ಬೋಗಿಗೆ ತನ್ನದೇ ಕಾನೂನಿದೆ. ಯಾರ ಜಾಗ ಯಾವುದು ಎಂಬುದು ರೈಲ್ವೆಯವರಿಗೆ ಗೊತ್ತಿಲ್ಲದಿದ್ದರೂ ಬೋಗಿಗೆ ಗೊತ್ತು. ಹತ್ತಿದವರು ಕೂತಲ್ಲೇ ನಿದ್ದೆ ಹೋಗಬಹುದು. ಅವರವರ ಸ್ಟೇಷನ್ ಬಂದಾಗ ಎಬ್ಬಿಸುವುದು ಗಾರ್ಮೆಂಟ್ಸ್ ಕೆಲಸದ ಮಾರಿಯಮ್ಮನ ಜವಾಬ್ದಾರಿ. ಈ ವಿಷಯದಲ್ಲಿ ಆಕೆ ಗಾರ್ಡಿಗಿಂತ ಗಟ್ಟಿ.

ಆ ದಿನ ಊರಿಗಾಂನಲ್ಲಿ ಹತ್ತಿದ ಶಶಿರೇಖಳ ಕೈಯಲ್ಲಿ ಊಟದ ಡಬ್ಬಿಯ ಬದಲು ದೊಡ್ಡ ಮೇಕಪ್ ಪೆಟ್ಟಿಗೆ ಇತ್ತು.

"ಏನೇ ಕಣ್ಣು ಇದು, ಮೂಟೆ ಕಟ್ಕೊಂಡು ಒಂಟಿದ್ದೀಯಾ?" ಎಂದು ಮಾರಿಯಮ್ಮ ಮುದ್ದಿನಿಂದ ಕೇಳಿದಳು.

"ಪಾರ್ಲರ್‌ದು ಅಕ್ಕಾ," ಎಂದಳು ಶಶಿರೇಖ. ಅಪ್ಪಟ ಸುಳ್ಳು. ಬೆಂಗಳೂರಿನ ಪಾರ್ಲರ್ ಕೆಲಸಕ್ಕೆ ಕಳೆದ ವಾರವೇ ಕೈಮುಗಿದು ಬಿಟ್ಟು ಬಂದಿದ್ದಳು. ಇನ್ನು ಮೇಲೆ ಮದುವೆ ಹೆಣ್ಣುಗಳಿಗೆ ಸೀರೆ ಉಡಿಸಿ, ಜಡೆ ಹೆಣೆದು, ಮೇಕಪ್ ಮಾಡುವ ಸ್ವಂತ ಕೆಲಸ. ಮೊದಲ ಮದುವೆ ಇವತ್ತೇ, ಬಂಗಾರಪೇಟೆಯ ಛತ್ರದಲ್ಲಿ. ಇದೊಂದು ಚೆನ್ನಾಗಿ ಆದರೆ ಮದುವೆಗೆ ಬಂದವರೇ ನಾಲ್ಕು ಮನೆಗೆ ಹೇಳುತ್ತಾರೆ. ಕೆಟ್ಟರೂ ಅವರೇ ಹೇಳುತ್ತಾರೆ.

ಬೋಗಿಯಲ್ಲಿ ಬಾಯಿಬಿಡದಿರಲು ಕಾರಣವಿತ್ತು. ಹಿಂದೆ ರೂಪ ಎಂಬಾಕೆ ಸ್ವಂತ ಟೈಲರಿಂಗ್ ಅಂಗಡಿ ಇಡುತ್ತೇನೆಂದು ಎಲ್ಲರಿಗೂ ಸಿಹಿ ಹಂಚಿ ಹೋದಳು. ಅಂಗಡಿ ಮುಚ್ಚಿ ಮತ್ತೆ ಅದೇ ರೈಲು ಹತ್ತಿದಾಗ "ಓನರಮ್ಮ ಬಂದ್ರು, ಜಾಗ ಬಿಡ್ರೇ" ಎಂದು ಇಡೀ ಬೋಗಿ ನಕ್ಕಿತ್ತು. ಇವತ್ತಿಗೂ ಅವಳ ಹೆಸರು ಓನರಮ್ಮನೇ. ಅಂದು ಶಶಿರೇಖಳೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈಗ ಆ ನಗು ತನ್ನ ಪಾಲಿಗೆ ಬರುವುದು ಅವಳಿಗೆ ಬೇಕಿರಲಿಲ್ಲ.

ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಬೆವರಿಗೆ ಮೇಕಪ್ ಕರಗಿದರೆ? ಮಂಟಪದಲ್ಲಿ ನೆರಿಗೆ ಬಿಚ್ಚಿಕೊಂಡರೆ? ಫೋಟೋದಲ್ಲಿ ಹೆಣ್ಣಿನ ಮುಖ ಬೂದಿ ಬಳಿದಂತೆ ಬಂದರೆ? ಭಯಕ್ಕೆ ಒಂದು ಮುಖ ಇದ್ದರೆ ಅದಕ್ಕೂ ಮೇಕಪ್ ಮಾಡಿಬಿಡಬಹುದಿತ್ತು. ಬಂಗಾರಪೇಟೆ ದೂರವೇನಲ್ಲ, ಕಣ್ಣು ಬಿಟ್ಟುಕೊಂಡೇ ಕೂರುತ್ತೇನೆ ಎಂದು ಪೆಟ್ಟಿಗೆ ತಬ್ಬಿಕೊಂಡು ತನ್ನ ಮೂಲೆಯಲ್ಲಿ ಕೂತಳು.

ಆದರೆ ಮೈ ಕೇಳಬೇಕಲ್ಲ. ಆ ಮೂಲೆಯಲ್ಲಿ, ಆ ಕುಲುಕಾಟಕ್ಕೆ, ವರ್ಷಾನುಗಟ್ಟಲೆ ನಿದ್ದೆ ಮಾಡಿ ಪಳಗಿದ ಮೈ ಅದು. ತಲೆ ಕಿಟಕಿಗೆ ಒರಗಿತು. ಬಂಗಾರಪೇಟೆಯಲ್ಲಿ ರೈಲು ನಿಂತು, ಚಹಾದವನು ಕೂಗಿ, ಜನ ನುಗ್ಗಿದಾಗ ಮಾರಿಯಮ್ಮ ತನ್ನ ಶಾಲನ್ನೇ ಅವಳಿಗೆ ಹೊದಿಸಿ, "ಮೆಲ್ಲಗೆ ಕಣ್ರೇ, ಮಗು ಮಲಗೈತೆ," ಎಂದು ಎಲ್ಲರನ್ನೂ ಗದರಿದಳು.

ಶಶಿರೇಖಳಿಗೆ ಎಚ್ಚರವಾದಾಗ ಕಿಟಕಿಯಾಚೆ ಬಂಡೆಗಳಿದ್ದವು. ರೈಲು ನಿಂತಿತ್ತು, ಬಂಗಾರಪೇಟೆ ದಾಟಿದ ಮೇಲಿನ ಟೇಕಲ್‌ನಲ್ಲಿ!

"ಅಯ್ಯೋ ಅಕ್ಕಾ, ಬಂಗಾರ್‌ಪೇಟೆ ಓಯ್ತಾ? ಯಾಕೆ ಎಬ್ಬಿಸ್ಲಿಲ್ಲ?"

"ಬಂಗಾರ್‌ಪೇಟೆ ನಿಂದಲ್ವಲ್ಲೇ!"

"ನಂದೇ ಅಕ್ಕಾ! ಕೆಲ್ಸ ಬಿಟ್ಬಿಟ್ಟೆ. ಅಲ್ಲಿ ಮದ್ವೆ ಹೆಣ್ಣು ಕಾಯ್ತಾವ್ಳೆ!"

ಶಶಿರೇಖ ಪೆಟ್ಟಿಗೆ ಎಳೆದುಕೊಂಡು ಇಳಿದಳು. ಹಿಂದೆ ಯಾರೋ ನಕ್ಕಂತಾಯಿತು. ನಕ್ಕರೋ ಇಲ್ಲವೋ, ಅವಳ ಕಿವಿಗಂತೂ ಹಾಗೇ ಕೇಳಿಸಿತು.

ಆಟೋದಲ್ಲಿ ವಾಪಸ್ಸು ಬರುವಾಗ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಹೆಣ್ಣಿನ ತಾಯಿ ಚೌಡಮ್ಮ. ಎತ್ತಲು ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಬರುವುದೇ ನಿಂತಿತು, ಅದು ಇನ್ನೂ ಹೆದರಿಸಿತು.

ಛತ್ರದ ಬಾಗಿಲಲ್ಲೇ ವಾಲಗ ಕೇಳಿಸಿತು. ಒಳಗೆ ಅತ್ತೆ, ಚಿಕ್ಕಮ್ಮಂದಿರು ಸೇರಿ ಮದುಮಗಳು ಅಕ್ಷರಾಳಿಗೆ ಸೀರೆ ಸುತ್ತಿ ಮುಗಿಸಿದ್ದರು. ಮುಖಕ್ಕೆ ಬರೀ ಪೌಡರು. ಅತ್ತು ಕಣ್ಣು ಊದಿತ್ತು.

"ಫೋನ್ ಎತ್ತೋಕೂ ಕೈ ಬರ್ಲಿಲ್ವೇನಮ್ಮಾ?" ಚೌಡಮ್ಮನ ದನಿ ಏರಲಿಲ್ಲ, ಏರಿದ್ದರೆ ವಾಸಿಯಿತ್ತು. "ನಿನ್ ನಂಬ್ಕೊಂಡು ಬೇರೆಯೋರ್ನ ಬ್ಯಾಡ ಅಂದ್ವಿ. ಓಗು."

"ಜಡೆ ಒಂದಾದ್ರೂ..."

"ಪುರೋಯ್ತರು ಕರೀತಾವ್ರೆ. ಓಗಮ್ಮಾ."

ಅಕ್ಷರಾ ಒಮ್ಮೆ ತಿರುಗಿ ನೋಡಿ ಮಂಟಪಕ್ಕೆ ನಡೆದಳು. ಬೆನ್ನ ಮೇಲೆ ಜಡೆ ಸೊಟ್ಟಗಿತ್ತು. ಶಶಿರೇಖಳ ಕೈ ಅದನ್ನು ಸರಿಮಾಡಲು ತಾನಾಗಿಯೇ ಮುಂದೆ ಹೋಗಿ ಗಾಳಿಯಲ್ಲೇ ನಿಂತಿತು.

ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ, ತೆರೆಯದ ಪೆಟ್ಟಿಗೆಯ ಪಕ್ಕ ಕೂತು ಅತ್ತಳು. ಯಾರ ಹೆದರಿಕೆಗೆ ಮುಚ್ಚಿಟ್ಟಳೋ ಆ ಬೋಗಿಗೆ ಈಗ ಎಲ್ಲ ಗೊತ್ತು, ಮದುವೆಯೂ ಹೋಯಿತು. ಮಧ್ಯಾಹ್ನ ಮಾರಿಯಮ್ಮ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು.

"ಏನಾಯ್ತೇ?"

"ಎಲ್ಲಾ ಓಯ್ತು ಅಕ್ಕಾ."

ಆ ಕಡೆ ಊಟದ ಡಬ್ಬಿ ಮುಚ್ಚಿದ ಸದ್ದಾಯಿತು.

"ಒಂದು ಮಾತು ಅಂದಿದ್ರೆ ಕೈ ಇಡ್ದು ಇಳಿಸ್ತಿದ್ನಲ್ಲೇ, ಪಾಪಿ. ಓಗ್ಲಿ. ನಾಳೆ ಎಲ್ಲಿ ಎಬ್ಬಿಸ್ಲಿ?"

ಶಶಿರೇಖ ಹಳಿಗಳತ್ತ ನೋಡಿದಳು. ಒಂದು ಬೆಂಗಳೂರಿಗೆ, ಒಂದು ಮನೆಗೆ. ನಾಳೆಗೆ ಅವಳಿಗೆ ಯಾವ ಸ್ಟೇಷನ್ನೂ ಇರಲಿಲ್ಲ. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂತು, ಅದನ್ನು ನುಂಗಿದಳು.

"ಗೊತ್ತಿಲ್ಲ ಅಕ್ಕಾ. ಭಯ ಆಗ್ತೈತೆ."

"ಆಗ್ಲಿ. ನಿನ್ ಜಾಗದ ಮ್ಯಾಲೆ ಟವೆಲ್ ಆಕಿರ್ತೀನಿ, ಬಾ," ಎಂದಳು ಮಾರಿಯಮ್ಮ. "ಗೊತ್ತಾಗೋ ಗಂಟ ಇಬ್ರೂ ಎಚ್ರವಾಗಿರೋಣ."